ಶೂನ್ಯಕ್ಕಿಂತ ಕೆಳಗಿನ ಚಳಿಗೆ ಸಿದ್ಧತೆ: ಮೈಸೂರು, ಮಂಡ್ಯದಿಂದ ಓದಲು ಹೊರಟವರಿಗೊಂದು ಮಾರ್ಗದರ್ಶಿ

ಜೂನ್ ತಿಂಗಳು ಕಳೆಯುತ್ತಿದ್ದಂತೆ ಮೈಸೂರು, ಮಂಡ್ಯ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಮಗಳಿಗೆ ಕೆನಡಾದಲ್ಲಿ ಸೀಟು ಸಿಕ್ಕಿದೆ, ಎಷ್ಟು ಸ್ವೆಟರ್ ಕಳುಹಿಸಬೇಕು? ಎಂ.ಎಸ್. ಓದಲು ಮಿನೆಸೋಟಾಕ್ಕೆ ಹೊರಟಿದ್ದೇನೆ, ಜಾಕೆಟ್ ಇಲ್ಲೇ ಕೊಳ್ಳಲೇ, ಅಲ್ಲಿ ಕೊಳ್ಳಲೇ? ಎಂ.ಬಿ.ಬಿ.ಎಸ್.ಗೆ ರಷ್ಯಾಕ್ಕೆ ಹೋಗುವ ಮಗನಿಗೆ ಆಸ್ತಮಾ ಇದೆ, ಅಲ್ಲಿನ ಹವೆಯನ್ನು ತಡೆದಾನೆಯೇ? ಜನವರಿಯ ಮುಂಜಾನೆಯಲ್ಲೂ ಕನಿಷ್ಠ ಉಷ್ಣಾಂಶ ಸರಾಸರಿ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುವ ಊರಿನಲ್ಲಿ ಬೆಳೆದವರಿಗೆ ಈ ಆತಂಕ ಸಹಜವೇ ಆಗಿದೆ. ಆದರೆ ಪ್ರತಿ ವರ್ಷ ಸಾವಿರಾರು ಮಂದಿ ಇಂಥ ಚಳಿಯಲ್ಲಿ ಆರೋಗ್ಯವಾಗಿಯೇ ಓದು ಮುಗಿಸುತ್ತಾರೆ. ತೊಂದರೆಗೆ ಸಿಲುಕುವವರಲ್ಲಿ ಹೆಚ್ಚಿನವರು ಮೊದಲ ಹಿಮ ಬಿದ್ದ ಮೇಲೆ ತಯಾರಿ ಆರಂಭಿಸಿದವರು. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಹೋಗಿ ಇಳಿದವರಿಗೆ ಅಕ್ಟೋಬರ್ ಕೊನೆಯವರೆಗೆ ಸಮಯವಿರುತ್ತದೆ. ಜನವರಿಯಲ್ಲಿ ತರಗತಿ ಆರಂಭವಾಗುವವರಿಗೆ ಆ ಅವಕಾಶವಿಲ್ಲ, ಅವರು ವಿಮಾನ ನಿಲ್ದಾಣದ ಬಾಗಿಲು ದಾಟುವ ಹೊತ್ತಿಗೇ ಸಿದ್ಧರಾಗಿರಬೇಕು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಓದಿರಿ.

1. ಹೋಗುವ ಊರಿನ ಚಳಿ ಯಾವ ಬಗೆಯದೆಂದು ತಿಳಿಯಿರಿ

ದೇಶದ ಹೆಸರು ನೋಡಿ ತಯಾರಿ ಮಾಡಬೇಡಿ, ಊರಿನ ಹೆಸರು ನೋಡಿ ಮಾಡಿ. ಕೆನಡಾದ ವಿನ್ನಿಪೆಗ್‌ನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ ಮೈನಸ್ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದೇ ದೇಶದ ವ್ಯಾಂಕೂವರ್‌ನಲ್ಲಿ ಅದು ಶೂನ್ಯಕ್ಕಿಂತ ಮೇಲಿದ್ದು, ಚಳಿಗಾಲದುದ್ದಕ್ಕೂ ಮಳೆ ಸುರಿಯುತ್ತದೆ. ಮೊದಲನೆಯ ಊರಿಗೆ ದಪ್ಪ ಕೋಟು ಮುಖ್ಯವಾದರೆ, ಎರಡನೆಯ ಊರಿಗೆ ಹಾಗೂ ಡಬ್ಲಿನ್‌ನಂಥ ನಗರಗಳಿಗೆ ನೀರು ಒಳಗಿಳಿಯದ ಮೇಲುಡುಪು ಅದಕ್ಕಿಂತ ಮುಖ್ಯ.

ಹವಾಮಾನ ವರದಿಯಲ್ಲಿ ಎರಡು ಸಂಗತಿಗಳು ಹೊಸಬರನ್ನು ತಪ್ಪುದಾರಿಗೆ ಎಳೆಯುತ್ತವೆ. ಅಮೆರಿಕದಲ್ಲಿ ಉಷ್ಣಾಂಶವನ್ನು ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತಾರೆ. ಅಲ್ಲಿನ 32 ಡಿಗ್ರಿ ಎಂದರೆ ನಮ್ಮ ಲೆಕ್ಕದ ಶೂನ್ಯ. ಅಲ್ಲಿನ ಶೂನ್ಯ ಎಂದರೆ ನಮ್ಮ ಮೈನಸ್ 18. ಮೈನಸ್ 40ರಲ್ಲಿ ಎರಡೂ ಅಳತೆಗಳು ಒಂದಾಗುತ್ತವೆ. ಎರಡನೆಯದು ‘ವಿಂಡ್ ಚಿಲ್’. ನಮ್ಮ ಮೈ ತನ್ನ ಸುತ್ತಲಿನ ಗಾಳಿಯ ತೆಳುವಾದ ಪದರವನ್ನು ಸದಾ ಬೆಚ್ಚಗೆ ಮಾಡಿಕೊಂಡಿರುತ್ತದೆ. ಬೀಸುವ ಗಾಳಿ ಆ ಪದರವನ್ನು ಹೊತ್ತೊಯ್ಯುವುದರಿಂದ ಮೈ ಬೇಗ ತಣ್ಣಗಾಗುತ್ತದೆ. ಗಾಳಿಯ ಈ ಪ್ರಭಾವವನ್ನು ಸೇರಿಸಿ ಹೇಳುವ ಅಂಕಿಯೇ ವಿಂಡ್ ಚಿಲ್. ಉಷ್ಣಾಂಶ ಮೈನಸ್ 20 ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗಾಳಿ ಬೀಸುತ್ತಿದ್ದರೆ ವಿಂಡ್ ಚಿಲ್ ಸುಮಾರು ಮೈನಸ್ 33 ಆಗುತ್ತದೆ. ಆ ಮಟ್ಟದಲ್ಲಿ ಮುಚ್ಚದೆ ಬಿಟ್ಟ ಚರ್ಮ 10ರಿಂದ 30 ನಿಮಿಷಗಳೊಳಗೆ ಹೆಪ್ಪುಗಟ್ಟಬಹುದು. ಆದ್ದರಿಂದ ಹೊರಡುವ ಮುನ್ನ ನೋಡಬೇಕಾದ ಅಂಕಿ ಇದೇ.

2. ಇಲ್ಲಿಂದ ಏನು ಒಯ್ಯಬೇಕು, ಏನು ಬೇಡ

ನೆಂಟರಿಷ್ಟರು ಪ್ರೀತಿಯಿಂದ ಕೊಡಿಸುವ ದಪ್ಪ ಜಾಕೆಟ್‌ಗಳಿಂದಲೇ ಸೂಟ್‌ಕೇಸಿನ ಅರ್ಧ ಜಾಗ ತುಂಬಿಹೋಗುವುದನ್ನು ಅನೇಕ ಮನೆಗಳಲ್ಲಿ ನೋಡಬಹುದು. ದೇವರಾಜ ಅರಸು ರಸ್ತೆಯಲ್ಲೋ ಸಯ್ಯಾಜಿರಾವ್ ರಸ್ತೆಯಲ್ಲೋ ಸಿಗುವ ಜಾಕೆಟ್‌ಗಳಲ್ಲಿ ಹೆಚ್ಚಿನವು ನಮ್ಮೂರಿನ ಬೆಳಗಿನ ಚಳಿಗೆ, ಬೈಕ್ ಸವಾರಿಗೆ ತಕ್ಕವು. ಅವುಗಳನ್ನು ಅಲ್ಲಿ ಅಕ್ಟೋಬರ್‌ನಲ್ಲಿ ಧರಿಸಬಹುದು, ಜನವರಿಯಲ್ಲಿ ಅವು ಸಾಲುವುದಿಲ್ಲ. ಮುಖ್ಯ ಕೋಟು ಮತ್ತು ಬೂಟುಗಳನ್ನು ಅಲ್ಲಿಯೇ ಕೊಳ್ಳುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಜನವರಿಯಲ್ಲಿ ಇಳಿಯುವವರು ಮಾತ್ರ ಮೊದಲ ವಾರವನ್ನು ಕಳೆಯುವಷ್ಟು ಬೆಚ್ಚನೆಯ ಒಂದು ಜಾಕೆಟ್ಟನ್ನು ಇಲ್ಲಿಂದಲೇ ತೊಟ್ಟು ಹೋಗಬೇಕು. ತೊಟ್ಟ ಬಟ್ಟೆ ಲಗೇಜಿನ ತೂಕಕ್ಕೆ ಸೇರುವುದಿಲ್ಲ.

ಇಲ್ಲಿ ಕೊಂಡರೆ ಲಾಭವಿರುವುದು ಸಣ್ಣ ವಸ್ತುಗಳಲ್ಲಿ. ಮೈಗಂಟಿ ಕೂರುವ ಥರ್ಮಲ್ ಒಳಉಡುಪು ಎರಡು ಜೊತೆ, ಉಣ್ಣೆಯ ಕಾಲುಚೀಲ ನಾಲ್ಕಾರು ಜೊತೆ, ಮಫ್ಲರ್, ಕಿವಿ ಮುಚ್ಚುವ ಟೋಪಿ, ಒಂದೆರಡು ಉಣ್ಣೆಯ ಸ್ವೆಟರ್, ಮೆಡಿಕಲ್ ಶಾಪಿನಲ್ಲಿ ಸಿಗುವ ರಬ್ಬರಿನ ಬಿಸಿನೀರಿನ ಚೀಲ ಇವಿಷ್ಟಿರಲಿ. ಕಿವಿ, ಕೆನ್ನೆ, ಕತ್ತುಗಳನ್ನು ಒಟ್ಟಿಗೆ ಮುಚ್ಚುವ ನಮ್ಮ ಮಂಕಿ ಕ್ಯಾಪ್ ಅತಿ ಚಳಿಯಲ್ಲಿ ನಿಜವಾಗಿಯೂ ಉಪಯುಕ್ತ. ಅದನ್ನು ಹಾಕಿಕೊಳ್ಳಲು ಸಂಕೋಚ ಬೇಡ, ಅಲ್ಲಿನವರೂ ಅದೇ ಬಗೆಯ ಮುಖಗವಸನ್ನು ಬಳಸುತ್ತಾರೆ.

ರೂಂ ಹೀಟರ್, ನೀರು ಕಾಯಿಸುವ ಕಾಯಿಲ್, ವಿದ್ಯುತ್ ಕಂಬಳಿ ಇವುಗಳನ್ನು ಉತ್ತರ ಅಮೆರಿಕಕ್ಕೆ ಒಯ್ಯಬೇಡಿ. ನಮ್ಮ ಉಪಕರಣಗಳು 230 ವೋಲ್ಟ್‌ಗೆ ತಯಾರಾದವು, ಅಲ್ಲಿರುವುದು 120 ವೋಲ್ಟ್. ಪಿನ್ನಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ.

ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ವೈದ್ಯರನ್ನು ಕಂಡು ವಿಟಮಿನ್ ಡಿ ಪ್ರಮಾಣವನ್ನೂ, ಸಸ್ಯಾಹಾರಿಗಳಾಗಿದ್ದರೆ ಬಿ12 ಪ್ರಮಾಣವನ್ನೂ ರಕ್ತಪರೀಕ್ಷೆಯಿಂದ ತಿಳಿದುಕೊಳ್ಳಿ. ಒಣ, ತಣ್ಣನೆಯ ಗಾಳಿ ಆಸ್ತಮಾವನ್ನು ಕೆರಳಿಸಬಲ್ಲದಾದ್ದರಿಂದ ಅಂಥವರು ಇನ್‌ಹೇಲರ್‌ಗಳ ಜೊತೆಗೆ, ಔಷಧದ ಮೂಲ ರಾಸಾಯನಿಕ ಹೆಸರನ್ನು ಬರೆದ ವೈದ್ಯರ ಚೀಟಿಯನ್ನೂ ಒಯ್ಯಬೇಕು. ಇಲ್ಲಿನ ಬ್ರ್ಯಾಂಡ್ ಹೆಸರು ಅಲ್ಲಿನ ಔಷಧಿ ಅಂಗಡಿಯವರಿಗೆ ತಿಳಿಯದಿರಬಹುದು. ಕನ್ನಡಕ ಹಾಕುವವರು ಇನ್ನೊಂದು ಜೊತೆ ಮಾಡಿಸಿಕೊಳ್ಳಲಿ.

3. ಪದರ ಪದರವಾಗಿ ಉಡುವುದನ್ನು ಕಲಿಯಿರಿ

ಇಡೀ ತಯಾರಿಯಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇನ್ನೊಂದಿಲ್ಲ. ಬಟ್ಟೆ ತಾನಾಗಿ ಬಿಸಿಯನ್ನು ಉತ್ಪಾದಿಸುವುದಿಲ್ಲ. ಮೈಯ ಬಿಸಿಯಿಂದ ಕಾದ ಗಾಳಿಯನ್ನು ಎಳೆಗಳ ನಡುವೆ ಹಿಡಿದಿಡುತ್ತದೆ, ಅಷ್ಟೇ. ಆದ್ದರಿಂದ ಒಂದು ಭಾರಿ ಉಡುಪಿಗಿಂತ, ನಡುವೆ ಗಾಳಿಗೆ ಜಾಗವಿರುವ ಮೂರು ಸಾಧಾರಣ ಉಡುಪುಗಳು ಹೆಚ್ಚು ಬೆಚ್ಚಗಿಡುತ್ತವೆ. ಅಲ್ಲಿನ ತರಗತಿ, ಗ್ರಂಥಾಲಯ, ಬಸ್ಸುಗಳಲ್ಲಿ ಉಷ್ಣಾಂಶ 20 ಡಿಗ್ರಿಯ ಸುತ್ತಮುತ್ತ ಇರುವುದರಿಂದ ಒಳಗೆ ಹೋದೊಡನೆ ಒಂದೊಂದನ್ನೇ ಕಳಚಲು ಬರಬೇಕೆಂಬುದು ಇನ್ನೊಂದು ಕಾರಣ.

ಚರ್ಮಕ್ಕೆ ತಾಗುವ ಮೊದಲ ಪದರದ ಕೆಲಸ ಬೆವರನ್ನು ಹೊರಕ್ಕೆ ಸಾಗಿಸುವುದು. ಅದು ಪಾಲಿಯೆಸ್ಟರ್ ಅಥವಾ ಮೆರಿನೋ ಎಂಬ ನಯವಾದ ಕುರಿಯುಣ್ಣೆಯದ್ದಾಗಿರಲಿ. ನಡುವಿನ ಪದರ ಬೆಚ್ಚಗಿಡುವಂಥದ್ದು: ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್ ಎಂಬ ಜೂಲುಜೂಲಾದ ಬಟ್ಟೆಯ ಮೇಲಂಗಿ. ಹೊರಗಿನ ಪದರ ಗಾಳಿಯನ್ನೂ ನೀರನ್ನೂ ತಡೆಯುವ ಕೋಟು. ಕಾಲುಗಳನ್ನು ಮರೆಯುವವರೇ ಹೆಚ್ಚು. ಮೇಲೆ ಮೂರು ಪದರ ಹಾಕಿ ಕೆಳಗೆ ಬರೀ ಜೀನ್ಸ್ ತೊಟ್ಟು ಬಸ್ಸಿಗೆ ಕಾಯುತ್ತಾ ನಿಂತರೆ ಹತ್ತೇ ನಿಮಿಷದಲ್ಲಿ ತೊಡೆ ಮರಗಟ್ಟುತ್ತದೆ. ಪ್ಯಾಂಟಿನೊಳಗೆ ಥರ್ಮಲ್ ಇರಲೇಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಹವೆಯಲ್ಲಿ ಹತ್ತಿ ಬಟ್ಟೆಯೇ ಅತ್ಯುತ್ತಮವೆಂದು ನಾವು ಬೆಳೆದಿದ್ದೇವೆ; ಅಮ್ಮಂದಿರು ಹತ್ತಿಯ ಬನಿಯನ್ನು, ಹತ್ತಿಯ ಕಾಲುಚೀಲಗಳನ್ನೇ ಡಜನ್‌ಗಟ್ಟಲೆ ಕಟ್ಟಿ ಕಳುಹಿಸುತ್ತಾರೆ. ಹತ್ತಿ ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಬಟ್ಟೆ ಮೈಯ ಬಿಸಿಯನ್ನು ಬಹು ಬೇಗ ಹೊರಗೆ ಸಾಗಿಸುತ್ತದೆ. ಬಸ್ಸು ಹಿಡಿಯಲು ಓಡಿ, ಬೆವರಿ, ಅನಂತರ ನಿಲ್ದಾಣದಲ್ಲಿ ನಿಂತವರಿಗೆ ಇದರ ಪೆಟ್ಟು ತಿಳಿಯುತ್ತದೆ. ಉಣ್ಣೆ ಹಾಗಲ್ಲ, ಒದ್ದೆಯಾದರೂ ಸಾಕಷ್ಟು ಬೆಚ್ಚಗಿಡುತ್ತದೆ. ನಮ್ಮ ಕುರಿಗಾಹಿಗಳು ಜಡಿಮಳೆಯಲ್ಲೂ ಕರಿಕಂಬಳಿ ಹೊದ್ದು ಹಟ್ಟಿಯಿಂದಾಚೆ ರಾತ್ರಿ ಕಳೆಯುವುದು ಇದೇ ಗುಣದ ಬಲದಿಂದ. ಆದ್ದರಿಂದ ಹತ್ತಿ ಬಟ್ಟೆಗಳನ್ನು ಮನೆಯೊಳಗೆ ಮತ್ತು ಬೇಸಿಗೆಗೆ ಇಟ್ಟುಕೊಳ್ಳಿ, ಹೊರಗೆ ಹೋಗುವಾಗ ಚರ್ಮಕ್ಕೆ ತಾಗಿಸಬೇಡಿ. ನಡೆಯುವಾಗ ಬೆವರುವ ಸೂಚನೆ ಕಂಡರೆ ಕೋಟಿನ ಜಿಪ್ಪನ್ನು ಸ್ವಲ್ಪ ಸಡಿಲಿಸಿ, ಮೈಯನ್ನು ಒಣದಾಗಿ ಇಟ್ಟುಕೊಳ್ಳಿ. ತಲೆಗೆ ಸ್ನಾನ ಮಾಡಿ ಹಸಿಗೂದಲಲ್ಲಿ ಹೊರಗೆ ಕಾಲಿಡುವ ಅಭ್ಯಾಸವನ್ನು ಬಿಟ್ಟುಬಿಡಿ.

4. ಕೋಟು, ಬೂಟು, ಕೈಗವಸು ಕೊಳ್ಳುವುದು

ಕೋಟಿನೊಳಗೆ ತುಂಬಿರುವ ವಸ್ತು ಎರಡು ಬಗೆಯದು. ‘ಡೌನ್’ ಎಂದರೆ ಬಾತು, ಹೆಬ್ಬಾತುಗಳ ಮೆತ್ತನೆಯ ಪುಕ್ಕ; ಹಗುರವಾಗಿದ್ದು ಬಹಳ ಬೆಚ್ಚಗಿರುತ್ತದೆ, ಆದರೆ ನೆನೆದರೆ ಮುದುಡಿ ಉಪಯೋಗಕ್ಕೆ ಬಾರದು. ಕೃತಕ ಎಳೆಯ ಕೋಟು ಸ್ವಲ್ಪ ಭಾರವಾದರೂ ನೆನೆದಾಗ ಅಷ್ಟಾಗಿ ಕೈಕೊಡುವುದಿಲ್ಲ. ಒಣಹಿಮದ ಊರಿಗೆ ಮೊದಲನೆಯದು, ಮಳೆ ಬೆರೆತ ಚಳಿಗೆ ಎರಡನೆಯದು ಸರಿ. ಪಕ್ಷಿಯ ಪುಕ್ಕವನ್ನು ಧರಿಸಲು ಒಪ್ಪದ ಮನೆತನದವರು ಎರಡನೆಯದನ್ನೇ ಆರಿಸಿಕೊಂಡರೂ ಕೊರತೆಯಾಗದು. ಯಾವುದಾದರೂ ಸರಿ, ಸೊಂಟ ದಾಟಿ ತೊಡೆಯವರೆಗೆ ಬರುವ, ತಲೆಗವಸು ಹೊಲಿದಿರುವ, ಒಳಗೆ ಸ್ವೆಟರ್ ಹಾಕಿಯೂ ಕೈಯಾಡಿಸಲು ಬರುವ ಅಳತೆಯದ್ದಾಗಿರಬೇಕು.

ಬೂಟಿನ ವಿಷಯದಲ್ಲಿ ಹಣ ಉಳಿಸಲು ನೋಡಬೇಡಿ. ನೀರು ಒಳಗಿಳಿಯದ, ಅಟ್ಟೆಯಲ್ಲಿ ಆಳವಾದ ಗೀರುಗಳಿರುವ, ಒಳಗೆ ಬೆಚ್ಚನೆಯ ಒಳಪದರವಿರುವ ಬೂಟು ಬೇಕು. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಬೆರಳುಗಳು ಒಳಗೆ ಆಡುವಂತಿರಬೇಕು. ಬೂಟು ಬಿಗಿಯಾದರೆ ರಕ್ತಸಂಚಾರ ಕುಗ್ಗಿ ಕಾಲು ಇನ್ನೂ ತಣ್ಣಗಾಗುತ್ತದೆ, ಹೀಗಾಗಿ ಒಂದರ ಮೇಲೊಂದು ಎರಡು ಕಾಲುಚೀಲ ತುರುಕುವುದು ಹಾನಿಯನ್ನೇ ಮಾಡುತ್ತದೆ. ಕೈಗೆ, ಐದು ಬೆರಳಿನ ಗ್ಲೌಸಿಗಿಂತ ನಾಲ್ಕು ಬೆರಳುಗಳು ಒಟ್ಟಿಗಿರುವ ‘ಮಿಟನ್’ ಹೆಚ್ಚು ಬೆಚ್ಚಗಿರುತ್ತದೆ. ಒಳಗೆ ತೆಳುವಾದ ಗ್ಲೌಸ್ ಇದ್ದರೆ ಮೊಬೈಲ್ ಬಳಸುವಾಗ ಕೈ ಬರಿದಾಗುವುದಿಲ್ಲ.

ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿಯವರು ಚಳಿಗಾಲದ ಬಟ್ಟೆಗಳನ್ನು ಸಂಗ್ರಹಿಸಿ ಹಂಚುತ್ತಾರೆ. ಊರಿನಲ್ಲಿ ಬಳಸಿದ ವಸ್ತುಗಳ ಮಳಿಗೆಗಳೂ ಇರುತ್ತವೆ. ಓದು ಮುಗಿಸಿ ಹೊರಡುವ ಹಿರಿಯ ವಿದ್ಯಾರ್ಥಿಗಳಿಂದಲೂ ಒಳ್ಳೆಯ ಕೋಟು ಸಿಗುತ್ತದೆ. ಬಳಸಿದ ಕೋಟು ಕೊಳ್ಳುವಾಗ ಜಿಪ್ಪು ಪೂರ್ತಿ ಮೇಲೇರುತ್ತದೆಯೇ ಎಂದು ನೋಡಿ. ಬಳಸಿದ ಬೂಟಿನ ಅಟ್ಟೆ ಸವೆದಿದ್ದರೆ ಬಿಟ್ಟುಬಿಡಿ.

5. ಕೋಣೆಯನ್ನು ಅಣಿಗೊಳಿಸಿ

ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ, ಕೋಣೆಯನ್ನು ಬಿಸಿ ಮಾಡುವ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಸೇರಿಲ್ಲವಾದರೆ ಜನವರಿ, ಫೆಬ್ರವರಿಯ ಬಿಲ್ಲು ತಿಂಗಳ ಲೆಕ್ಕವನ್ನೇ ತಲೆಕೆಳಗು ಮಾಡಬಹುದು. ಕೋಣೆಯನ್ನು ಬೆಚ್ಚಗಿಡುವ ಹೊಣೆಯನ್ನು ಹಲವು ನಗರಗಳ ಕಾನೂನು ಮನೆ ಮಾಲೀಕರ ಮೇಲೆ ಹೊರಿಸುತ್ತದೆ. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದಾಗ ಹಗಲಿನಲ್ಲಿ ಮನೆಯೊಳಗೆ 68 ಡಿಗ್ರಿ, ಅಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್, ಇರಲೇಬೇಕು. ನಿಮ್ಮ ಊರಿನ ನಿಯಮವನ್ನು ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಬಿಸಿ ಬಾರದಿದ್ದರೆ ಸಂಕೋಚಪಟ್ಟು ನಡುಗುತ್ತಾ ಕೂರಬೇಡಿ.

ಪ್ರಾಣಕ್ಕೆ ಸಂಬಂಧಿಸಿದ ಮಾತು ಇದು: ಕೋಣೆ ಬೆಚ್ಚಗಾಗಲೆಂದು ಇದ್ದಿಲ ಒಲೆ, ಕೆಂಡದ ಅಗ್ಗಿಷ್ಟಿಕೆ, ಅಡುಗೆಯ ಗ್ಯಾಸ್ ಒಲೆ ಇವುಗಳನ್ನು ಎಂದಿಗೂ ಉರಿಸಿಡಬೇಡಿ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ ಮನೆಯಲ್ಲಿ ಅರೆಬರೆ ಉರಿದ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಹುಟ್ಟುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆಯಿಂದ ಆರಂಭವಾಗಿ ನಿದ್ರೆಯಲ್ಲೇ ಸಾವು ಬರಬಹುದು. ಅದನ್ನು ಪತ್ತೆಹಚ್ಚಿ ಕೂಗುವ ಅಲಾರಂ ಮನೆಯಲ್ಲಿದೆಯೇ ಎಂದು ಮೊದಲ ದಿನವೇ ನೋಡಿ. ವಿದ್ಯುತ್ ಹೀಟರ್ ಬಳಸುವುದಾದರೆ ಹಾಸಿಗೆ, ಪರದೆಗಳಿಂದ ಒಂದು ಮೀಟರ್ ದೂರವಿಟ್ಟು, ಎಕ್ಸ್‌ಟೆನ್ಷನ್ ವೈರಿಗೆ ಜೋಡಿಸದೆ ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ.

ಡಿಸೆಂಬರ್ ರಜೆಯಲ್ಲಿ ಬೇರೆ ಊರಿಗೆ ಹೋಗುವಾಗ ಬಿಲ್ ಉಳಿಸಲೆಂದು ಹೀಟಿಂಗ್ ಪೂರ್ತಿ ಆರಿಸಿ ಹೋಗುವುದು ಹೊಸಬರು ಮಾಡುವ ದೊಡ್ಡ ತಪ್ಪು. ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಕೊಳವೆ ಒಡೆಯುತ್ತದೆ, ಅದರ ರಿಪೇರಿ ವೆಚ್ಚ ನಿಮ್ಮ ತಲೆಯ ಮೇಲೆ ಬರಬಹುದು. ಕನಿಷ್ಠ 13 ಡಿಗ್ರಿಗಾದರೂ ಇಟ್ಟು ಹೋಗಿ.

ಬಿಸಿ ಮಾಡಿದ ಕೋಣೆಯ ಗಾಳಿ ತುಂಬ ಒಣಗಿರುತ್ತದೆ. ತುಟಿ ಒಡೆಯುವುದು, ಮೂಗಿನಿಂದ ರಕ್ತ ಬರುವುದು, ಚರ್ಮ ತುರಿಸುವುದು ಇದರಿಂದಲೇ. ಹಂಡೆಯ ಬಿಸಿನೀರನ್ನು ಬಹಳ ಹೊತ್ತು ಸುರಿದುಕೊಳ್ಳುವ ನಮ್ಮ ರೂಢಿ ಅಲ್ಲಿ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈ ಇನ್ನೂ ತೇವವಾಗಿರುವಾಗಲೇ ವ್ಯಾಸಲೀನ್ ಅಥವಾ ಮಾಯಿಶ್ಚರೈಸರ್ ಹಚ್ಚಿಕೊಳ್ಳಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುವುದರಿಂದ ಅದನ್ನು ಒಯ್ಯುವವರು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಲಿ.

6. ಮೂರು ದಿನಕ್ಕೆ ಸಾಲುವ ಸಾಮಾನು

ಹಿಮಬಿರುಗಾಳಿ ಬಂದರೆ ಅಂಗಡಿ, ಬಸ್ಸು, ಕೆಲವೊಮ್ಮೆ ವಿದ್ಯುತ್ತೂ ನಿಲ್ಲುತ್ತವೆ. 72 ಗಂಟೆಗೆ ಸಾಲುವಷ್ಟು ಕುಡಿಯುವ ನೀರು, ಆಹಾರ, ನಿತ್ಯದ ಔಷಧ, ಟಾರ್ಚ್, ತುಂಬಿಟ್ಟ ಪವರ್ ಬ್ಯಾಂಕ್ ಸದಾ ಇರಬೇಕು. ಒಲೆ ಹೊತ್ತಿಸದೆ ತಿನ್ನಬಹುದಾದ ಅವಲಕ್ಕಿ, ರಾಗಿ ಹುರಿಹಿಟ್ಟು, ಹುರಿಗಡಲೆ, ಬೆಲ್ಲ, ಚಟ್ನಿಪುಡಿ ಇದಕ್ಕೆ ಹೇಳಿ ಮಾಡಿಸಿದಂತಿವೆ. ಯುರೋಪ್ ಒಕ್ಕೂಟದ ದೇಶಗಳಿಗೆ ಹೋಗುವವರು ತುಪ್ಪ ಒಯ್ಯಬಾರದು. ಭಾರತದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವಿದೆ.

7. ಹೊರಗೆ ಹೋಗುವ ದಿನ

ಅಮೆರಿಕದ ಹವಾಮಾನ ಸೇವೆಯ ಸೂಚನೆಗಳಲ್ಲಿ ‘ವಾಚ್’ ಎಂದರೆ ಅಪಾಯದ ಸಂಭವವಿದೆ, ತಯಾರಾಗಿ ಎಂದು. ‘ವಾರ್ನಿಂಗ್’ ಎಂದರೆ ಅಪಾಯ ಬಂದೇಬಿಟ್ಟಿದೆ ಅಥವಾ ಬರುವುದು ನಿಶ್ಚಯ ಎಂದು. ವಾರ್ನಿಂಗ್ ಇರುವ ದಿನ ತರಗತಿ ರದ್ದಾಗಿದೆಯೇ ಎಂದು ವಿಶ್ವವಿದ್ಯಾಲಯದ ಸಂದೇಶ ನೋಡಿ. ಕೆನಡಾದಲ್ಲಿ ವೆದರ್‌ಕ್ಯಾನ್, ಜರ್ಮನಿಯಲ್ಲಿ ವಾರ್ನ್‌ವೆಟರ್ ಎಂಬ ಸರ್ಕಾರಿ ಆ್ಯಪ್‌ಗಳಿವೆ.

ಬೀಳುವ ಹಿಮ ಮೃದುವಾಗಿರುತ್ತದೆ; ಕಾಲು ಮುರಿಯುವುದು ಮಂಜುಗಡ್ಡೆಯಿಂದ. ಕಣ್ಣಿಗೆ ಕಾಣದಷ್ಟು ತೆಳುವಾಗಿ ರಸ್ತೆಗೆ ಅಂಟಿಕೊಂಡಿರುವ ಗಡ್ಡೆಗೆ ‘ಬ್ಲ್ಯಾಕ್ ಐಸ್’ ಎನ್ನುತ್ತಾರೆ, ಅದು ಬರೀ ಒದ್ದೆ ನೆಲದಂತೆ ಕಾಣುತ್ತದೆ. ಪಾದವನ್ನು ಚಪ್ಪಟೆಯಾಗಿ ಊರುತ್ತಾ, ಪುಟ್ಟ ಹೆಜ್ಜೆಯಿಡುತ್ತಾ, ಮೈಯನ್ನು ತುಸು ಮುಂದಕ್ಕೆ ಬಾಗಿಸಿ ನಡೆಯಿರಿ. ಕೈಗಳು ಜೇಬಿನಲ್ಲಿರಬಾರದು. ರಸ್ತೆಗೆ ಉಪ್ಪು ಚೆಲ್ಲಿದ್ದಾರೆಂದು ನಂಬಬೇಡಿ. ಮೈನಸ್ 10 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಚಳಿಯಲ್ಲಿ ಮೊಬೈಲ್ ಬ್ಯಾಟರಿ ಥಟ್ಟನೆ ಕುಸಿಯುವುದರಿಂದ ಫೋನನ್ನು ಕೋಟಿನ ಒಳಜೇಬಿನಲ್ಲಿಡಿ.

ಗೆಳೆಯರ ಕಾರಿನಲ್ಲಿ ಹೋಗುವಾಗ ಹಿಮದಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯತೊಡಗಬೇಡಿ. 2022ರ ಕ್ರಿಸ್‌ಮಸ್ ಹೊತ್ತಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಪ್ರದೇಶವನ್ನು ಹೊಡೆದ ಹಿಮಬಿರುಗಾಳಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಯಲಿನಲ್ಲಿ ಸಿಕ್ಕಿಕೊಂಡವರೂ ವಾಹನಗಳೊಳಗೆ ಉಳಿದವರೂ ಇದ್ದರು. ಆದ್ದರಿಂದ ಕಾರಿನಲ್ಲೇ ಉಳಿದರಷ್ಟೇ ಸಾಲದು: ಸಹಾಯಕ್ಕೆ ಕರೆ ಮಾಡಿ, ಹೊಗೆ ಕೊಳವೆಯ ಬಾಯಿಗೆ ಕಟ್ಟಿದ ಹಿಮವನ್ನು ಮೊದಲು ತೆಗೆದು, ಗಂಟೆಗೆ ಸುಮಾರು ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಆಗ ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಹಾಗೆ ಮಾಡದಿದ್ದರೆ ಮೇಲೆ ಹೇಳಿದ ಅದೇ ವಿಷಾನಿಲ ಕಾರಿನೊಳಗೆ ತುಂಬುತ್ತದೆ.

8. ಮೈ ಕೊಡುವ ಎಚ್ಚರಿಕೆಗಳು

‘ಫ್ರಾಸ್ಟ್‌ಬೈಟ್’ ಎಂದರೆ ಚರ್ಮವೂ ಅದರ ಕೆಳಗಿನ ಮಾಂಸವೂ ಹೆಪ್ಪುಗಟ್ಟುವುದು. ಮೂಗಿನ ತುದಿ, ಕಿವಿ, ಕೆನ್ನೆ, ಕೈಕಾಲಿನ ಬೆರಳುಗಳಿಗೆ ಇದು ಮೊದಲು ತಟ್ಟುತ್ತದೆ. ಆರಂಭದ ಉರಿ, ಚುಚ್ಚಾಟ ನಿಂತು ಜೋಮು ಹಿಡಿದರೆ ಅದು ಸುಧಾರಣೆಯ ಲಕ್ಷಣವಲ್ಲ, ಅಪಾಯದ ಲಕ್ಷಣ. ಬಿಳಿಯರ ಚರ್ಮದಲ್ಲಿ ಬಣ್ಣ ಬದಲಾಗುವುದು ಸುಲಭವಾಗಿ ಕಾಣುತ್ತದೆ, ನಮ್ಮ ಕಂದು ಚರ್ಮದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಸ್ಪರ್ಶಜ್ಞಾನ ಹೋಗಿರುವುದನ್ನೂ, ಚರ್ಮ ಮೇಣದಂತೆ ಬಿರುಸಾಗಿರುವುದನ್ನೂ ಗಮನಿಸಿ. ಕೂಡಲೇ ಒಳಗೆ ಹೋಗಿ. ಆ ಭಾಗವನ್ನು ಉಜ್ಜಬೇಡಿ, ಹಿಮದಿಂದಂತೂ ತಿಕ್ಕಲೇಬೇಡಿ, ಒಲೆಗೆ ಹಿಡಿಯಬೇಡಿ. ಜೋಮು ಹಿಡಿದ ಚರ್ಮಕ್ಕೆ ಸುಡುವುದು ತಿಳಿಯುವುದಿಲ್ಲ. 37ರಿಂದ 39 ಡಿಗ್ರಿಯಷ್ಟು, ಅಂದರೆ ಮೈ ಬಿಸಿಯಷ್ಟೇ ಬೆಚ್ಚಗಿರುವ ನೀರಿನಲ್ಲಿ ಅದ್ದಿಡಿ, ಜೋಮು ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. ಮತ್ತೆ ಚಳಿಗೆ ಹೋಗಬೇಕಾದ ಸಂದರ್ಭವಿದ್ದರೆ ಕರಗಿಸಲು ಹೋಗಬಾರದು. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು.

‘ಹೈಪೊಥರ್ಮಿಯಾ’ ಎಂದರೆ ದೇಹದೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿಯುವುದು. ವಿಪರೀತ ನಡುಕ, ತೊದಲು ಮಾತು, ಮುಗ್ಗರಿಸುವ ನಡಿಗೆ, ಗಲಿಬಿಲಿ ಇದರ ಗುರುತುಗಳು. ತನಗೆ ಹೀಗಾಗುತ್ತಿದೆಯೆಂದು ಆ ವ್ಯಕ್ತಿಗೇ ಅರಿವಾಗುವುದಿಲ್ಲವಾದ್ದರಿಂದ ಜೊತೆಗಿರುವವರು ಗಮನಿಸಬೇಕು. ನಡುಕ ನಿಂತು ಮಂಕಾದರೆ ಪರಿಸ್ಥಿತಿ ಕೈಮೀರುತ್ತಿದೆಯೆಂದೇ ತಿಳಿದು ಅಮೆರಿಕ, ಕೆನಡಾದಲ್ಲಿ 911ಕ್ಕೆ, ಯುರೋಪಿನಲ್ಲಿ 112ಕ್ಕೆ ಕರೆ ಮಾಡಿ. ಅಷ್ಟರಲ್ಲಿ ಒದ್ದೆ ಬಟ್ಟೆ ತೆಗೆದು ಎದೆ, ಹೊಟ್ಟೆಯ ಭಾಗವನ್ನು ಮೊದಲು ಹೊದಿಸಿ. ಮದ್ಯ ಕುಡಿದರೆ ಮೈ ಬೆಚ್ಚಗಾಗುತ್ತದೆಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ.

9. ಕತ್ತಲೆಗೂ ಸಿದ್ಧರಾಗಿ

ಚಳಿಗಿಂತ ಕತ್ತಲೆ ಹೆಚ್ಚು ಕಾಡಿತೆಂದು ಹೇಳುವ ವಿದ್ಯಾರ್ಥಿಗಳು ಬಹಳ. ಡಿಸೆಂಬರ್ ಕೊನೆಯಲ್ಲಿ ಹೆಲ್ಸಿಂಕಿಯಲ್ಲಿ ಹಗಲು ಆರು ಗಂಟೆಗಿಂತ ಕಡಿಮೆ. ಟೊರಾಂಟೊದಲ್ಲೂ ಸಂಜೆ ಐದರೊಳಗೆ ಸೂರ್ಯ ಮುಳುಗುತ್ತಾನೆ. ವಾರಗಟ್ಟಲೆ ಉತ್ಸಾಹವಿಲ್ಲದಿರುವುದು, ಎಷ್ಟು ಮಲಗಿದರೂ ಸಾಲದಿರುವುದು, ಸಿಹಿ ತಿನ್ನುವ ಬಯಕೆ, ಜನರಿಂದ ದೂರ ಸರಿಯುವುದು ಕಂಡುಬಂದರೆ ಅದು ಸೋಮಾರಿತನವೆಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಋತುಮಾನಕ್ಕೆ ತಳಕು ಹಾಕಿಕೊಂಡ ಈ ಖಿನ್ನತೆಯನ್ನು ಅಮೆರಿಕದ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರವಾಗಿ ದಾಖಲಿಸಿದರು, ಇದಕ್ಕೆ ಚಿಕಿತ್ಸೆಯಿದೆ. ಬೆಳಗಿನ ಹೊತ್ತು 10,000 ಲಕ್ಸ್ ಬೆಳಕಿನ ದೀಪದ ಮುಂದೆ 20ರಿಂದ 30 ನಿಮಿಷ ಕೂರುವುದು ಅದರಲ್ಲೊಂದು. ಕಣ್ಣಿನ ಕಾಯಿಲೆಯಾಗಲಿ, ಮನಸ್ಸಿನ ಏರಿಳಿತದ ಕಾಯಿಲೆಯಾಗಲಿ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಎಷ್ಟೇ ಚಳಿಯಿರಲಿ, ಮಧ್ಯಾಹ್ನದ ಬೆಳಕಿನಲ್ಲಿ ಸ್ವಲ್ಪ ಹೊತ್ತು ನಡೆಯಿರಿ. ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನು ಅಕ್ಟೋಬರ್‌ನಲ್ಲೇ ಒಮ್ಮೆ ಪರಿಚಯ ಮಾಡಿಕೊಂಡಿರಿ. ಬದುಕೇ ಬೇಡವೆನ್ನಿಸುವಂಥ ಸಂಕಟದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ತಂದೆ ತಾಯಂದಿರಿಗೆ ಒಂದು ಮಾತು. ನವೆಂಬರ್ ಮೊದಲ ಭಾನುವಾರ ಅಮೆರಿಕ, ಕೆನಡಾದ ಹೆಚ್ಚಿನ ಕಡೆಗಳಲ್ಲಿ, ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಮೈಸೂರಿನ ಬೆಳಗಿನ ಏಳು ಗಂಟೆಯೆಂದರೆ ಟೊರಾಂಟೊದಲ್ಲಿ ಹಿಂದಿನ ರಾತ್ರಿ ಎಂಟೂವರೆ. ಫೋನ್ ಮಾಡುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ. ಊಟ ಆಯಿತೇ ಎಂದು ಕೇಳುವ ಜೊತೆಗೆ ಇವತ್ತು ಹೊರಗೆ ಹೋಗಿದ್ದೆಯಾ, ಯಾರನ್ನಾದರೂ ಕಂಡೆಯಾ ಎಂದೂ ಕೇಳಿ.

10. ಮಾರ್ಚ್ ಬಂತೆಂದು ಕೋಟು ಮಡಿಸಿಡಬೇಡಿ

ನಮ್ಮಲ್ಲಿ ಶಿವರಾತ್ರಿ ಕಳೆದರೆ ಬಿಸಿಲು ಏರುತ್ತದೆ. ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುವುದುಂಟು. ಹಗಲಿನಲ್ಲಿ ಕರಗಿದ ನೀರು ರಾತ್ರಿ ಮತ್ತೆ ಗಡ್ಡೆಯಾಗುವುದರಿಂದ ಈ ತಿಂಗಳುಗಳ ಮುಂಜಾನೆಯಲ್ಲೇ ಜಾರಿ ಬೀಳುವುದು ಹೆಚ್ಚು. ಏಪ್ರಿಲ್ ಮುಗಿದ ಮೇಲೆ ಬೂಟಿಗೆ ಅಂಟಿದ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೋಟನ್ನು ಪೂರ್ತಿ ಒಣಗಿಸಿ ಎತ್ತಿಡಿ. ತೇವ ಉಳಿದರೆ ಬೂಷ್ಟು ಹಿಡಿದು ಮುಂದಿನ ಅಕ್ಟೋಬರ್‌ಗೆ ಇನ್ನೊಂದು ಕೋಟು ಕೊಳ್ಳಬೇಕಾಗುತ್ತದೆ.